ಟಿಪ್ಪಣ್ಣನವರ ಹೋಟೆಲ್ ವ್ಯವಹಾರ

ಬೆಂಗಳೂರಿನ ಯಾವುದೇ ಬಡಾವಣೆಯ ದರ್ಶಿನಿಯ ಮುಂದೆ ಬೆಳಗಿನ ಏಳೂವರೆಗೆ ಹೋಗಿ ನಿಂತರೂ ಟಿಪ್ಪಣ್ಣನವರು ಕಾಣಸಿಗುತ್ತಾರೆ. ಹೆಸರು ಬೇರೆ ಇರಬಹುದು, ಜಾತಿ ಒಂದೇ. ಬ್ಯಾಂಕಿನಿಂದಲೋ ವಿದ್ಯುತ್ ಮಂಡಳಿಯಿಂದಲೋ ನಿವೃತ್ತರಾದವರು; ಕಾಲಿಗೆ ಮಗ ಅಮೆರಿಕದಿಂದ ತಂದುಕೊಟ್ಟ ವಾಕಿಂಗ್ ಶೂ, ಕೈಯಲ್ಲಿ ಬೈ-ಟು ಕಾಫಿಯ ಲೋಟ, ಅಂಗಿಯ ಜೇಬಿನಲ್ಲಿ ಒಂದೇ ಸಮನೆ ಗುಂಯ್‌ಗುಡುವ ಮೊಬೈಲು. ಹೋಟೆಲಿನ ವಿಷಯಕ್ಕೆ ಬಂದರೆ ಅವರಷ್ಟು ನಿಷ್ಠುರ ಪರೀಕ್ಷಕರು ಊರಲ್ಲಿಲ್ಲ. ಹೊಸ ಹೋಟೆಲು ತೆರೆದರೆ ಮೊದಲ ವಾರ ಆ ಕಡೆ ತಲೆಹಾಕುವುದಿಲ್ಲ. ಮೊದಲ ವಾರ ಎಲ್ಲರೂ ತುಪ್ಪ ಜಾಸ್ತಿ ಹಾಕುತ್ತಾರೆ. ಎರಡನೇ ವಾರ ಒಬ್ಬರೇ ಹೋಗಿ ಒಂದು ಪ್ಲೇಟ್ ಇಡ್ಲಿ ಮಾತ್ರ ತೆಗೆದುಕೊಂಡು, ಚಟ್ನಿಯಲ್ಲಿ ಕಾಯಿ ಎಷ್ಟು, ಹುರಿಗಡಲೆ ಎಷ್ಟು ಎಂದು ನಾಲಿಗೆಯಲ್ಲೇ ಲೆಕ್ಕ ಹಾಕುತ್ತಾರೆ. ಕೈ ತೊಳೆಯುವ ಜಾಗ ನೋಡುತ್ತಾರೆ. ಗಲ್ಲಾದ ಮೇಲೆ ಕೂತಿರುವವರು ಮಾಲೀಕರೋ ಸಂಬಳದವರೋ ಎಂದು ಮೇಜು ಒರೆಸುವ ಹುಡುಗನಿಂದ ತಿಳಿದುಕೊಳ್ಳುತ್ತಾರೆ. ಮಸಾಲೆ ದೋಸೆಗೆ ಬಡ್ತಿ ಸಿಗುವುದು ಮೂರನೇ ಭೇಟಿಯಲ್ಲಿ, ಮನೆಯವರನ್ನು ಕರೆತರುವುದು ತಿಂಗಳಾದ ಮೇಲೆ. ಪೇಪರಿನಲ್ಲಿ ಹೊಗಳಿ ಬರೆದಿದ್ದಾರಲ್ಲ ಎಂದರೆ, ‘ದುಡ್ಡು ಕೊಟ್ಟು ಬರೆಸಿರ್ತಾರೆ ಬಿಡ್ರೀ’ ಎಂದು ತಳ್ಳಿಹಾಕುತ್ತಾರೆ. ಒಂದು ಪ್ಲೇಟ್ ಇಡ್ಲಿಗೆ ಇಷ್ಟೆಲ್ಲ ತನಿಖೆ ನಡೆಸುವ ಇದೇ ಟಿಪ್ಪಣ್ಣನವರು, ಒಂಬತ್ತೂ ಕಾಲಿಗೆ ಪೇಟೆ ತೆರೆಯುತ್ತಿದ್ದಂತೆ, ಟಿ.ವಿ.ಯಲ್ಲಿ ಟೈ ಕಟ್ಟಿದವರೊಬ್ಬರು ಹೇಳಿದರೆಂದು, ತಾವು ಒಮ್ಮೆಯೂ ಕಾಲಿಡದ ಹೋಟೆಲ್ ಕಂಪನಿಯೊಂದರ ಷೇರನ್ನು ಎರಡು ಲಕ್ಷಕ್ಕೆ ಕೊಂಡುಬಿಡುತ್ತಾರೆ.

ಇದಕ್ಕೆ ಜನ ಕೊಡುವ ಕಾರಣ ದುರಾಸೆ. ದುರಾಸೆಯ ಮನುಷ್ಯ ಬೈ-ಟು ಕಾಫಿಯಲ್ಲಿ ತೃಪ್ತನಾಗುತ್ತಿರಲಿಲ್ಲ. ಸೋಮಾರಿತನ ಎನ್ನುವವರೂ ಇದ್ದಾರೆ. ಅದಂತೂ ಶುದ್ಧ ಅನ್ಯಾಯ. ಪೇಟೆ ತೆರೆದಿರುವಷ್ಟು ಹೊತ್ತೂ ಟಿ.ವಿ. ಮುಂದೆ ಕೂತು, ನಾಲ್ಕಾರು ವಾಟ್ಸ್‌ಆ್ಯಪ್ ಗುಂಪುಗಳ ಸಂದೇಶ ಓದಿ, ಟಾರ್ಗೆಟ್ ಹಸಿರು ಪೆನ್ನಿನಲ್ಲಿ, ಸ್ಟಾಪ್‌ಲಾಸ್ ಕೆಂಪು ಪೆನ್ನಿನಲ್ಲಿ ಡೈರಿಗೆ ಇಳಿಸುವವರನ್ನು ಸೋಮಾರಿ ಎನ್ನುವುದು ಹೇಗೆ? ಅವರಲ್ಲಿ ಶ್ರಮಕ್ಕೆ ಕೊರತೆಯಿಲ್ಲ, ಬುದ್ಧಿಗೂ ಇಲ್ಲ. ಇರುವ ಬುದ್ಧಿಯನ್ನು ಷೇರಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟಂತೆ ಬಿಟ್ಟು ಒಳಗೆ ಹೋಗುತ್ತಾರೆ, ಅಷ್ಟೆ. ಇದು ಹೋಟೆಲ್ ಷೇರಿನಲ್ಲಿ ಆಗುತ್ತದೆ ಎಂಬುದೇ ಸೋಜಿಗ. ಔಷಧ ಕಂಪನಿಯ ರಾಸಾಯನಿಕ ಸರಿಯಿದೆಯೋ ಇಲ್ಲವೋ ನಮ್ಮ ನಿಮ್ಮಂಥವರಿಗೆ ಹೇಗೆ ಗೊತ್ತಾಗಬೇಕು? ಸಾಫ್ಟ್‌ವೇರ್ ಕಂಪನಿ ಏನು ಮಾಡುತ್ತದೆ ಎಂಬುದು ಅದರಲ್ಲಿ ಕೆಲಸ ಮಾಡುವ ಮಗನಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಹೋಟೆಲು ಹಾಗಲ್ಲ. ಏನು ಮಾರುತ್ತಾರೆ, ಎಷ್ಟಕ್ಕೆ ಮಾರುತ್ತಾರೆ, ಕೊಂಡವನು ಮತ್ತೆ ಬರುತ್ತಾನೆಯೇ ಎಂಬುದು ಟಿಪ್ಪಣ್ಣನವರಿಗೆ ಎಂಥ ತಜ್ಞನಿಗಿಂತಲೂ ಚೆನ್ನಾಗಿ ಗೊತ್ತು. ಆದರೂ ಚಟ್ನಿಗೆ ಪರೀಕ್ಷೆ, ಷೇರಿಗೆ ನಂಬಿಕೆ.

ಸಾಕ್ಷಿಗೆ 2020ರ ಡಿಸೆಂಬರ್ ನೋಡಿ. ಬರ್ಗರ್ ಕಿಂಗ್ ಇಂಡಿಯಾ ಕಂಪನಿ ಷೇರಿಗೆ 60 ರೂಪಾಯಿಯಂತೆ ಐಪಿಒ ತಂದಿತು. ಇದ್ದ ಷೇರುಗಳಿಗಿಂತ ಸುಮಾರು 156 ಪಟ್ಟು ಹೆಚ್ಚು ಅರ್ಜಿ ಬಂದವು. ಮೊದಲ ದಿನವೇ 115ರ ಆಸುಪಾಸಿನಲ್ಲಿ ತೆರೆದುಕೊಂಡ ಷೇರು ಕೆಲವೇ ದಿನಗಳಲ್ಲಿ 200 ದಾಟಿತು. ಐಪಿಒದಲ್ಲಿ ಷೇರು ಸಿಗದೆ ಕೈಹಿಸುಕಿಕೊಂಡಿದ್ದ ಟಿಪ್ಪಣ್ಣನವರ ಬಳಗ ಪೇಟೆಗೆ ನುಗ್ಗಿದ್ದು ಆಗಲೇ. ಟಿಪ್ ಬಂದದ್ದೂ ಆಗಲೇ, ಏಕೆಂದರೆ ಏರಿದ ಷೇರಿನ ಬಗ್ಗೆ ಮಾತಾಡಿದರೆ ಕೇಳುವವರು ಇರುತ್ತಾರೆ. ಅದೇ ಕಂಪನಿಯ ಪ್ರಾಸ್ಪೆಕ್ಟಸ್ ಏನು ಹೇಳುತ್ತಿತ್ತು? ಕಂಪನಿ ನಷ್ಟದಲ್ಲಿದೆ. ಬರ್ಗರ್ ಕಿಂಗ್ ಎಂಬ ಹೆಸರು ಅದರ ಸ್ವಂತದ್ದಲ್ಲ. ಆ ಹೆಸರಿಗಾಗಿ ಮಾರಾಟದ ಮೇಲೆ ರಾಯಲ್ಟಿ ಕಟ್ಟಬೇಕು, ಅದು ಶೇ 5ರ ಮಿತಿಯವರೆಗೂ ಏರಬಹುದು. ಜೊತೆಗೆ 2026ರ ಡಿಸೆಂಬರ್ ಒಳಗೆ ಕನಿಷ್ಠ 700 ಅಂಗಡಿ ತೆರೆಯುವ ಕರಾರು. ಲಾಭ ಬರಲಿ ಬಿಡಲಿ ಅಂಗಡಿ ತೆರೆಯುತ್ತಲೇ ಇರಬೇಕಾದ ಹೋಟೆಲಿಗೆ ಪಾಲುದಾರರಾಗುತ್ತೀರಾ ಎಂದು ಯಾರಾದರೂ ಟಿಪ್ಪಣ್ಣನವರನ್ನು ಕನ್ನಡದಲ್ಲಿ ಕೇಳಿದ್ದರೆ ‘ನನಗೇನು ತಲೆ ಕೆಟ್ಟಿದೆಯೇನ್ರೀ’ ಎನ್ನುತ್ತಿದ್ದರು. ಯಾರೂ ಹಾಗೆ ಕೇಳಲಿಲ್ಲ. ‘ಟಾರ್ಗೆಟ್ ಎಷ್ಟು’ ಎಂದು ಅವರು ಕೇಳಿದರು, ಒಂದು ಸಂಖ್ಯೆ ಸಿಕ್ಕಿತು. ಕಂಪನಿ ಮುಂದೆ ರೆಸ್ಟೋರೆಂಟ್ ಬ್ರ್ಯಾಂಡ್ಸ್ ಏಷ್ಯಾ ಎಂದು ಹೆಸರು ಬದಲಿಸಿತು, ಇಂಡೊನೇಷ್ಯಾದ ಬರ್ಗರ್ ಕಿಂಗನ್ನೂ ಕೊಂಡಿತು. 2025ರ ಆರಂಭದಲ್ಲಿ ಷೇರು ಮತ್ತೆ 60–70 ರೂಪಾಯಿಯ ಸುತ್ತ ಸುಳಿದಾಡುತ್ತಿತ್ತು.

ಟಿಪ್ ಕೊಡುವವರೆಲ್ಲ ವಂಚಕರು ಎಂದು ನಾನು ಹೇಳುತ್ತಿಲ್ಲ. ಬಹುಪಾಲು ಮಂದಿ ತಮ್ಮ ಕೆಲಸ ಮಾಡುತ್ತಿರುವ ಸಭ್ಯರು. ತೊಂದರೆ ಇರುವುದು ಆ ಕೆಲಸದಲ್ಲೇ. ಪೇಟೆ 9.15ರಿಂದ 3.30ರವರೆಗೆ ನಡೆಯುತ್ತದೆ, ಅಷ್ಟು ಹೊತ್ತೂ ಏನಾದರೂ ಹೇಳುತ್ತಿರಬೇಕು. ಆ ಆರೂ ಕಾಲು ಗಂಟೆಯಲ್ಲಿ ಪಿಜ್ಜಾ ಅಂಗಡಿಯಲ್ಲಿ ಆಗುವುದು ಪಿಜ್ಜಾ ಬೇಯುವುದು ಮಾತ್ರ; ಅದನ್ನು ಎಷ್ಟು ಹೊತ್ತು ವರ್ಣಿಸಲಾದೀತು? ಹಾಗಾಗಿ ಟೊಮೆಟೊ ಬರುತ್ತದೆ. 2023ರ ಜುಲೈನಲ್ಲಿ ಬೆಲೆ ಗಗನಕ್ಕೇರಿ, ಉತ್ತರ ಭಾರತದ ಮ್ಯಾಕ್‌ಡೊನಾಲ್ಡ್ಸ್ ಅಂಗಡಿಗಳು ಬರ್ಗರಿನಿಂದ ಟೊಮೆಟೊ ತೆಗೆದಾಗ ಅದು ರಾಷ್ಟ್ರೀಯ ಸುದ್ದಿ. ಟಿಪ್ಪಣ್ಣನವರು ಕೋಲಾರದ ಮಾರುಕಟ್ಟೆ ದರ ವಿಚಾರಿಸಿ, ಮ್ಯಾಕ್‌ಡೊನಾಲ್ಡ್ಸ್ ಷೇರು ಮಾರಬೇಕೇ ಎಂದು ಚಿಂತೆಗೆ ಬಿದ್ದರು. ಪಶ್ಚಿಮ ಮತ್ತು ದಕ್ಷಿಣ ಭಾರತದ ಅಂಗಡಿಗಳನ್ನು ನಡೆಸುವ ವೆಸ್ಟ್‌ಲೈಫ್ ಮಾತ್ರ ಷೇರುಪೇಟೆಯಲ್ಲಿದೆ, ಟೊಮೆಟೊ ತೆಗೆದ ಉತ್ತರದ ಕಂಪನಿ ಬೇರೆಯೇ, ಅದರ ಷೇರು ಪೇಟೆಯಲ್ಲಿ ಸಿಗುವುದೇ ಇಲ್ಲ ಎಂಬುದನ್ನು ವಿಚಾರಿಸಲು ಪುರುಸೊತ್ತಾಗಲಿಲ್ಲ. ಇನ್ನು ವಂಚಕರು ಇಲ್ಲವೇ ಇಲ್ಲ ಎಂದೂ ಅಲ್ಲ. ವಾಣಿಜ್ಯ ವಾಹಿನಿಯೊಂದರ ಅತಿಥಿ ತಜ್ಞರ ಮೇಲೆ 2024ರ ಫೆಬ್ರುವರಿಯಲ್ಲಿ ಸೆಬಿ ಮಧ್ಯಂತರ ಆದೇಶ ಹೊರಡಿಸಿತು. ಟಿ.ವಿ.ಯಲ್ಲಿ ಹೇಳಲಿರುವ ಷೇರಿನ ಹೆಸರನ್ನು ಮುಂಚೆಯೇ ಕೆಲವರಿಗೆ ತಿಳಿಸುತ್ತಿದ್ದರು, ಅವರು ಮೊದಲೇ ಕೊಂಡಿಟ್ಟು, ಪ್ರಸಾರವಾದ ಮೇಲೆ ಬೆಲೆ ಏರಿದಾಗ ಮಾರುತ್ತಿದ್ದರು ಎಂಬುದು ಆರೋಪ, ಲಾಭವೆನ್ನಲಾದ 7.41 ಕೋಟಿ ರೂಪಾಯಿಯನ್ನು ಮುಟ್ಟುಗೋಲು ಹಾಕಿಕೊಳ್ಳಲು ಸೆಬಿ ಹೇಳಿತು. ಅವರು ಮಾರಿದ್ದನ್ನು ಕೊಳ್ಳಲು ಎದುರಿಗೆ ಯಾರಾದರೂ ಇರಬೇಕಲ್ಲ? ಟಿ.ವಿ. ಮುಂದೆ ಇರುವುದೇ ಅದಕ್ಕೆ ಟಿಪ್ಪಣ್ಣನವರು. ಪ್ರಾಮಾಣಿಕ ಟಿಪ್ಪಿಗೂ ಒಂದು ಅಂಗವೈಕಲ್ಯ ಇದ್ದೇ ಇದೆ. ‘ಕೊಳ್ಳಿ’ ಎಂಬುದು ಮೂರು ಕಡೆಯಿಂದ ಬರುತ್ತದೆ, ‘ಈಗ ಮಾರಿ’ ಎಂಬುದು ಒಂದು ಕಡೆಯಿಂದಲೂ ಬರುವುದಿಲ್ಲ. ಹೇಳಿದವರು ಅಷ್ಟರಲ್ಲಿ ಸಿಮೆಂಟ್ ಷೇರಿಗೆ ಹೋಗಿರುತ್ತಾರೆ.

ನಾಲ್ಕಾರು ಪೆಟ್ಟು ತಿಂದ ಮೇಲೆ ಟಿಪ್ಪಣ್ಣನವರಿಗೆ ಜ್ಞಾನೋದಯವಾಗುತ್ತದೆ. ಪೀಟರ್ ಲಿಂಚ್ ಎಂಬ ಅಮೆರಿಕದ ಫಂಡ್ ಮ್ಯಾನೇಜರು, ನಿತ್ಯ ಜೀವನದಲ್ಲಿ ಕಂಡದ್ದರಿಂದಲೇ ಷೇರು ಹುಡುಕಬಹುದು ಎಂದು 1989ರಲ್ಲಿ ಪುಸ್ತಕ ಬರೆದದ್ದು ಯಾರಿಂದಲೋ ಕಿವಿಗೆ ಬೀಳುತ್ತದೆ. ಕಂಡ ಮೇಲೆ ಕಂಪನಿಯ ಲೆಕ್ಕಪತ್ರ ಓದಬೇಕು ಎಂದು ಅದೇ ಲಿಂಚ್ ಹೇಳಿದ್ದು ಬೀಳುವುದಿಲ್ಲ. ಇನ್ನು ಮುಂದೆ ಟಿಪ್ ಬೇಡ, ಸ್ವಂತ ಸಂಶೋಧನೆ ಎಂದು ಘೋಷಿಸಿ ಅವರು ಹೊಸ ಅವತಾರ ತಾಳುತ್ತಾರೆ. ನನ್ನ ಮಟ್ಟಿಗೆ ಈ ಅವತಾರ ಹಿಂದಿನದಕ್ಕಿಂತ ಹೆಚ್ಚು ಅಪಾಯದ್ದು, ಏಕೆಂದರೆ ಇದರಲ್ಲಿ ಆತ್ಮವಿಶ್ವಾಸ ಬೇರೆ ಸೇರಿಕೊಂಡಿರುತ್ತದೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್ ಮುಂದೆ ಭಾನುವಾರದ ಸಾಲು ನೋಡುತ್ತಾರೆ. 2025ರ ಅಕ್ಟೋಬರ್ ಕೊನೆಗೆ ಎಂಟಿಆರ್ ಹೆಸರಿನ ಮಸಾಲೆ ಮಾರುವ ಓರ್ಕ್ಲಾ ಇಂಡಿಯಾದ ಐಪಿಒ ಬಂದಾಗ, ಇಷ್ಟು ಜನ ರವೆ ಇಡ್ಲಿಗೆ ಕಾದು ನಿಲ್ಲುವ ಕಂಪನಿ ಸೋಲುತ್ತದೆಯೇ ಎಂದು ಷೇರಿಗೆ 730 ರೂಪಾಯಿಯಂತೆ ಅರ್ಜಿ ಹಾಕುತ್ತಾರೆ. ಸಾಲು ನಿಜ, ಇಡ್ಲಿ ನಿಜ. ಆದರೆ ನಾರ್ವೆಯ ಓರ್ಕ್ಲಾ 2007ರಲ್ಲಿ ಕೊಂಡದ್ದು ಪೊಟ್ಟಣದ ವ್ಯಾಪಾರವನ್ನು. 1924ರಲ್ಲಿ ಶುರುವಾದ ಮಾವಳ್ಳಿ ಟಿಫಿನ್ ರೂಮ್ ಸ್ಥಾಪಕರ ಕುಟುಂಬದ ಕೈಯಲ್ಲೇ ಉಳಿಯಿತು. ಆ ಸಾಲಿನಲ್ಲಿ ನಿಂತವರು ಕೊಡುವ ಇಡ್ಲಿಯ ದುಡ್ಡಿಗೂ ಈ ಷೇರಿಗೂ ಸಂಬಂಧವಿಲ್ಲ. ಸಾಲದ್ದಕ್ಕೆ ಆ ಐಪಿಒ ಪೂರ್ತಿಯಾಗಿ ಹಳೆಯ ಷೇರುದಾರರು ತಮ್ಮ ಪಾಲು ಮಾರಿಕೊಂಡದ್ದು. ಟಿಪ್ಪಣ್ಣನವರ ಹಣದಲ್ಲಿ ಒಂದು ಪೈಸೆಯೂ ಕಂಪನಿಯ ಗಲ್ಲಾ ಸೇರುವುದಿಲ್ಲ. ಕಂಪನಿ ಒಳ್ಳೆಯದೇ ಇರಬಹುದು, ಷೇರೂ ಮುಂದೆ ಏರಬಹುದು. ಅವರು ಕೊಂಡ ಕಾರಣ ಮಾತ್ರ ಬೇರೆಯವರ ಹೋಟೆಲಿನದು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆ ಹೋಟೆಲ್ ಷೇರಿಗಾಗಿಯೇ ಹುಟ್ಟಿದಂತಿದೆ. ಜಯನಗರದ ಡಾಮಿನೋಸ್ ಅಂಗಡಿಯಲ್ಲಿ ಮಧ್ಯಾಹ್ನ ಮೂರಕ್ಕೆ ನಾಲ್ಕು ಕುರ್ಚಿ ಖಾಲಿ ಕಂಡ ಸಂಶೋಧಕ ಟಿಪ್ಪಣ್ಣನವರು ‘ಮುಗೀತು ಇದರ ಕಥೆ’ ಎಂದು ಷರಾ ಬರೆಯುತ್ತಾರೆ. ಡಾಮಿನೋಸ್ ನಡೆಸುವ ಜುಬಿಲೆಂಟ್ ಫುಡ್‌ವರ್ಕ್ಸ್‌ಗೆ ದೇಶದಲ್ಲಿ 2,000ಕ್ಕೂ ಹೆಚ್ಚು ಡಾಮಿನೋಸ್ ಅಂಗಡಿಗಳಿವೆ, ಮತ್ತು ಅದರ ಮಾರಾಟದಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚು ಪಾಲು ಮನೆಬಾಗಿಲಿಗೆ ಹೋಗುವಂಥದು. ಕುರ್ಚಿ ಎಣಿಸುವ ಬದಲು ಹೊರಗೆ ನಿಂತ ಸ್ಕೂಟರುಗಳನ್ನು ಎಣಿಸಿದ್ದರೆ ಸ್ವಲ್ಪವಾದರೂ ಅರ್ಥವಿರುತ್ತಿತ್ತು. ತುಂಬಿದ ಕುರ್ಚಿಗಳೂ ಅಷ್ಟೇ ಮೋಸ ಮಾಡಬಲ್ಲವು. ಬ್ರಿಗೇಡ್ ರಸ್ತೆಯಲ್ಲಿ 1996ರಲ್ಲಿ ಶುರುವಾದ ಕೆಫೆ ಕಾಫಿ ಡೇ ನಮ್ಮ ಒಂದು ತಲೆಮಾರಿನ ಹೆಮ್ಮೆ. ಚಿಕ್ಕಮಗಳೂರಿನ ತೋಟದ ಕಾಫಿ ದೇಶದ ಎಲ್ಲ ಊರಿನ ಮೂಲೆಗೆ ಹೋದದ್ದು ಸಣ್ಣ ಸಾಧನೆಯಲ್ಲ. 2015ರಲ್ಲಿ ಕಾಫಿ ಡೇ ಎಂಟರ್‌ಪ್ರೈಸಸ್ 328 ರೂಪಾಯಿಗೆ ಷೇರು ಮಾರಿದಾಗ, ಕೊಂಡವರಲ್ಲಿ ಎಷ್ಟೋ ಮಂದಿ ಕಂಡದ್ದು ಆ ತುಂಬಿದ ಮೇಜುಗಳನ್ನು. ಆ ಕಂಪನಿಯ ಕೆಳಗೆ ಕಾಫಿಯ ಜೊತೆಗೆ ಟೆಕ್ ಪಾರ್ಕು, ಸರಕು ಸಾಗಣೆ, ಮೈಂಡ್‌ಟ್ರೀ ಷೇರು ಎಲ್ಲ ಇದ್ದವು. ನಷ್ಟವೂ ದೊಡ್ಡ ಸಾಲವೂ ಇದ್ದವು. ಎತ್ತಿದ ಹಣದ ದೊಡ್ಡ ಪಾಲು ಸಾಲ ತೀರಿಸುವುದಕ್ಕೆ ಎಂದು ದಾಖಲೆಯಲ್ಲೇ ಅಚ್ಚಾಗಿತ್ತು. ಮೊದಲ ದಿನವೇ ಷೇರು ಶೇ 17ಕ್ಕೂ ಹೆಚ್ಚು ಕುಸಿಯಿತು. 2019ರಲ್ಲಿ ಸಂಸ್ಥಾಪಕರ ಸಾವಿನ ದುರಂತವನ್ನು ಯಾರೂ ಮುಂಗಾಣಲು ಸಾಧ್ಯವಿರಲಿಲ್ಲ, ಅದನ್ನು ಇಲ್ಲಿ ವಾದಕ್ಕೆ ಎಳೆಯುವುದು ಸರಿಯೂ ಅಲ್ಲ. ಸಾಲ ಮಾತ್ರ ಗುಟ್ಟಾಗಿರಲಿಲ್ಲ. ಓದುವವರಿಗಾಗಿ ಅದು ಕಾದು ಕೂತಿತ್ತು.

ಹಾಗಾದರೆ ಏನನ್ನು ಓದಬೇಕು? ಉಡುಪಿ ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕೂತ ಭಟ್ಟರೊಬ್ಬರು ಪಕ್ಕದ ಹೋಟೆಲಿನ ಬಗ್ಗೆ ಏನು ಕೇಳುತ್ತಾರೋ ಅದನ್ನೇ. ಹಳೇ ಅಂಗಡಿಯಲ್ಲಿ ವ್ಯಾಪಾರ ಹೋದ ವರ್ಷಕ್ಕಿಂತ ಜಾಸ್ತಿಯೋ ಕಮ್ಮಿಯೋ, ಬಾಡಿಗೆ ಎಷ್ಟು, ಸಾಲ ಎಷ್ಟು. ಮೊದಲ ಪ್ರಶ್ನೆಗೆ ಷೇರುಪೇಟೆಯವರು ಸೇಮ್ ಸ್ಟೋರ್ ಸೇಲ್ಸ್ ಎಂದು ದೊಡ್ಡ ಹೆಸರಿಟ್ಟಿದ್ದಾರೆ. ಅಂಗಡಿ ಮೇಲೆ ಅಂಗಡಿ ತೆರೆದರೆ ಒಟ್ಟು ಮಾರಾಟ ಏರಲೇಬೇಕು, ಅದು ಸುದ್ದಿಯೂ ಆಗುತ್ತದೆ. ಹಳೆಯ ಅಂಗಡಿ ಒಣಗುತ್ತಿದೆಯೇ ಎಂಬುದು ಈ ಒಂದು ಸಾಲಿನಲ್ಲಿ ಗೊತ್ತಾಗುತ್ತದೆ. ಡೆವಿಯಾನಿ ಮತ್ತು ಸ್ಯಾಫೈರ್ ಎಂಬ ಎರಡು ಕಂಪನಿಗಳು ಕೆಎಫ್‌ಸಿ, ಪಿಜ್ಜಾ ಹಟ್ ಎರಡನ್ನೂ ನಡೆಸುತ್ತಿದ್ದವು. 2023–24ರಲ್ಲಿ ಒಂದು ಕೆಎಫ್‌ಸಿ ಅಂಗಡಿಯ ದಿನದ ಸರಾಸರಿ ಮಾರಾಟ ಲಕ್ಷ ರೂಪಾಯಿ ಮೀರಿದ್ದರೆ, ಪಿಜ್ಜಾ ಹಟ್ಟಿನದು ಅದರ ಅರ್ಧವೂ ಇರಲಿಲ್ಲ, ಮೇಲಾಗಿ ಇಳಿಯುತ್ತಿತ್ತು. ಒಂದೇ ಷೇರಿನೊಳಗೆ ಓಡುವ ಎತ್ತೂ ಇದೆ, ಕುಂಟುವ ಎತ್ತೂ ಇದೆ ಎಂಬುದನ್ನು ಎರಡೂ ಕಂಪನಿಗಳು ಮೂರು ತಿಂಗಳಿಗೊಮ್ಮೆ ತಾವೇ ಬರೆದು ಕೊಡುತ್ತಿದ್ದವು. ಜುಬಿಲೆಂಟ್‌ನ ಕಥೆಯಲ್ಲೂ ಇದೇ ಸಾಲು ಮುಖ್ಯ. 2010ರಲ್ಲಿ 145 ರೂಪಾಯಿಗೆ ಬಂದ ಆ ಷೇರಿನ ಹಳೇ ಅಂಗಡಿಗಳ ಮಾರಾಟ 2016–17ರಲ್ಲಿ ಹಿಂದಿನ ವರ್ಷಕ್ಕಿಂತ ಇಳಿಯಿತು, ಷೇರೂ ನೆಲಕಚ್ಚಿತು. ಮರುವರ್ಷ ಮಾರಾಟ ಜೋರಾಗಿ ಚಿಗುರಿತು, ಷೇರೂ ಎದ್ದು ನಿಂತಿತು. ಬೋನಸ್ಸು, ವಿಭಜನೆಗಳಾಗಿ ಅಂದಿನ ಒಂದು ಷೇರು ಈಗ ಹತ್ತಾಗಿದೆ.

ಬಾಡಿಗೆಯ ವಿಷಯ ಇನ್ನೂ ಸ್ವಾರಸ್ಯದ್ದು. ಬೆಂಗಳೂರಿನಲ್ಲಿ ಹೋಟೆಲು ಇಟ್ಟವರು ರಾತ್ರಿ ನಿದ್ದೆಯಲ್ಲಿ ಕನವರಿಸುವುದು ಅಕ್ಕಿ ಬೇಳೆಯನ್ನಲ್ಲ, ಬಾಡಿಗೆ ಮತ್ತು ಅಡ್ವಾನ್ಸನ್ನು. ಆದರೆ 2019ರ ಏಪ್ರಿಲ್‌ನಿಂದ ಜಾರಿಗೆ ಬಂದ ಇಂಡ್ ಎಎಸ್ 116 ಎಂಬ ಲೆಕ್ಕದ ನಿಯಮದಿಂದ, ದೊಡ್ಡ ಕಂಪನಿಗಳ ಖರ್ಚಿನ ಪಟ್ಟಿಯಿಂದ ಬಾಡಿಗೆಯ ಬಹುಪಾಲು ಮಾಯವಾಗಿ, ಕೆಳಗೆ ಸವಕಳಿ ಮತ್ತು ಬಡ್ಡಿಯ ವೇಷ ಹಾಕಿಕೊಂಡು ನಿಂತಿದೆ. ಟಿ.ವಿ.ಯವರು ಕೊಂಡಾಡುವ ಎಬಿಟಾ ಎಂಬ ಲಾಭದ ಅಂಕಿ ಆ ವೇಷದ ಮೇಲಿನ ಸಾಲಿನಲ್ಲಿರುತ್ತದೆ. ಅಂದರೆ ಬಾಡಿಗೆ ಕಟ್ಟುವ ಮುಂಚಿನ ಲಾಭ! ಭಟ್ಟರ ಮುಂದೆ ಹೋಗಿ ‘ಬಾಡಿಗೆ ಬಿಟ್ಟರೆ ನಮ್ಮ ಹೋಟೆಲು ಭಾರೀ ಲಾಭದಲ್ಲಿದೆ’ ಎಂದರೆ ಅವರು ಕಾಫಿ ಕೊಟ್ಟು ಕಳಿಸುತ್ತಾರೆ, ಪಾಲುದಾರರಂತೂ ಆಗುವುದಿಲ್ಲ. ನಿಯಮದಲ್ಲಿ ಮೋಸವಿಲ್ಲ, ಬಹಳಷ್ಟು ಕಂಪನಿಗಳು ಬಾಡಿಗೆ ಕಳೆದ ಹಳೇ ಲೆಕ್ಕವನ್ನೂ ಪಕ್ಕದಲ್ಲೇ ಕೊಡುತ್ತವೆ. ಸುದ್ದಿಯಲ್ಲಿ ಬರುವುದು ದಪ್ಪ ಅಂಕಿ ಮಾತ್ರ.

ಇದಕ್ಕೆಲ್ಲ ಸಮಯ ಎಲ್ಲಿದೆ ಎಂಬುದು ಟಿಪ್ಪಣ್ಣನವರ ಮೊದಲ ಆಕ್ಷೇಪ. ಹೋಟೆಲ್ ಕಂಪನಿ ಲೆಕ್ಕ ಒಪ್ಪಿಸುವುದು ವರ್ಷಕ್ಕೆ ನಾಲ್ಕು ಸಲ. ಫಲಿತಾಂಶದ ನಂತರ ವಿಶ್ಲೇಷಕರೊಡನೆ ಆಡಿದ ಮಾತಿನ ಲಿಖಿತ ಪ್ರತಿಯನ್ನು ಷೇರುಪೇಟೆಯ ಜಾಲತಾಣದಲ್ಲಿ ಹಾಕಬೇಕೆಂದು ಸೆಬಿ ನಿಯಮವೇ ಇದೆ. ಅದರಲ್ಲಿ ಆರಂಭದ ಅಭಿನಂದನೆಗಳನ್ನು ಹಾರಿಸಿ ಓದಿದರೆ ಒಂದು ಸಂಜೆಯ ಕೆಲಸ. ಟಿ.ವಿ.ಗೆ ಕೊಡುವ ವೇಳೆಯಲ್ಲಿ ಒಂದು ವಾರ ಮಿಗಿಸಿದರೆ ಪೇಟೆಯಲ್ಲಿರುವ ಎಲ್ಲ ಹೋಟೆಲ್ ಕಂಪನಿಗಳ ವಾರ್ಷಿಕ ವರದಿಯನ್ನೂ ತಿರುವಿಹಾಕಬಹುದು. ಹೇಳಿಕೊಳ್ಳುವಂಥವು ಹತ್ತಾರಕ್ಕಿಂತ ಹೆಚ್ಚಿಲ್ಲ. ಎರಡನೇ ಆಕ್ಷೇಪಕ್ಕೆ ತೂಕ ಹೆಚ್ಚು. ಇದನ್ನೆಲ್ಲ ಮುಂಬೈಯ ಬುದ್ಧಿವಂತರು ಆಗಲೇ ಓದಿರುತ್ತಾರೆ, ಬೆಲೆಯಲ್ಲಿ ಅದು ಸೇರಿಹೋಗಿರುತ್ತದೆ, ನಮ್ಮಂಥವರು ಹೊಸದಾಗಿ ಓದಿ ಸಿಗುವುದೇನು? ಬುದ್ಧಿವಂತರು ಯಾವಾಗಲೂ ಓದುತ್ತಾರೆ ಎಂಬುದಕ್ಕೆ ಇತಿಹಾಸದ ಬೆಂಬಲ ಕಡಿಮೆ. ಅಮೆರಿಕದಲ್ಲಿ ಬಾಸ್ಟನ್ ಚಿಕನ್ ಎಂಬ ಸುಟ್ಟ ಕೋಳಿಯ ಹೋಟೆಲು 1993ರಲ್ಲಿ 20 ಡಾಲರಿಗೆ ಷೇರು ತಂದು ಮೊದಲ ದಿನವೇ 48 ಡಾಲರ್ ದಾಟಿತು. ಅಂಗಡಿ ನಡೆಸುವ ಏಜೆಂಟರಿಗೆ ತಾನೇ ಸಾಲ ಕೊಟ್ಟು, ಅವರಿಂದ ಬಡ್ಡಿಯನ್ನೂ ರಾಯಲ್ಟಿಯನ್ನೂ ಪಡೆದು ಅದನ್ನೇ ಲಾಭವೆಂದು ತೋರಿಸುತ್ತಿತ್ತು. ಏಜೆಂಟರ ನಷ್ಟ ಅದರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಆ ಸಾಲಗಳ ವಿಷಯ ದಾಖಲೆಗಳಲ್ಲಿ ಇತ್ತು. 1998ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕುವವರೆಗೆ ವಾಲ್‌ಸ್ಟ್ರೀಟಿನ ಎಷ್ಟೋ ಬುದ್ಧಿವಂತರು ಕೋಳಿಯ ರುಚಿಯನ್ನೇ ಹೊಗಳುತ್ತಿದ್ದರು.

ಆದರೆ ಓದಿದವರೂ ತಪ್ಪುತ್ತಾರೆ, ಇದನ್ನು ಒಪ್ಪಲೇಬೇಕು. ಹೋಟೆಲಿನ ಊಟ ಹೊತ್ತು ತರುವ ಝೊಮ್ಯಾಟೊ 2021ರ ಜುಲೈನಲ್ಲಿ 76 ರೂಪಾಯಿಗೆ ಬಂದಾಗ ಅದರ ನಷ್ಟ ನೋಡಿ ದೂರ ಉಳಿದವರು ಒಂದು ವರ್ಷದ ನಂತರ ಬೀಗಿದರು, ಏಕೆಂದರೆ ಷೇರು 40ರ ಸುತ್ತ ಬಿದ್ದಿತ್ತು. 2024ರ ಕೊನೆಗೆ ಅದು 300ರ ಹತ್ತಿರ ಹೋದಾಗ ಟಿಪ್ಪಣ್ಣನವರು ಬಂದು ‘ಏನ್ರೀ ನಿಮ್ಮ ಸಂಶೋಧನೆ’ ಎಂದು ಕೇಳಿದರೆ ಕೇಳಲಿ. ಆದರೆ ನಡುವೆ 2023ರ ಏಪ್ರಿಲ್–ಜೂನ್ ಲೆಕ್ಕದಲ್ಲಿ ಆ ಕಂಪನಿ ಮೊದಲ ಬಾರಿಗೆ 2 ಕೋಟಿ ರೂಪಾಯಿ ಲಾಭ ತೋರಿಸಿತು, ಆಗ ಷೇರು ಇನ್ನೂ ನೂರರ ಆಸುಪಾಸಿನಲ್ಲಿತ್ತು. ನಷ್ಟ ಎಂಬ ಕಾರಣಕ್ಕೆ ದೂರ ಉಳಿದವರಿಗೆ ಆ ಕಾರಣ ಹೋದದ್ದು ತಿಳಿಯುತ್ತದೆ, ಮನಸ್ಸು ಬದಲಿಸಲು ಅವಕಾಶವಿರುತ್ತದೆ. ‘ಯಾರೋ ಹೇಳಿದರು’ ಎಂಬುದೊಂದೇ ಕಾರಣವಾಗಿದ್ದರೆ ಅದು ಹೋದದ್ದು ಯಾವಾಗ ಎಂದು ತಿಳಿಯುವುದು ಹೇಗೆ? ಇಷ್ಟೆಲ್ಲ ಗೋಜೇಕೆ, ಮ್ಯೂಚುವಲ್ ಫಂಡಿಗೆ ಹಾಕಿ ಸುಮ್ಮನಿರಬಾರದೇ ಎನ್ನುವವರಿಗೆ ನನ್ನ ತಕರಾರಿಲ್ಲ. ನಾಲ್ಕು ಹೋಟೆಲ್ ಕಂಪನಿಗಳ ಲೆಕ್ಕ ನಿಜವಾಗಿ ಓದಿದವರಲ್ಲಿ ಮೂವರು ಯಾವುದನ್ನೂ ಕೊಳ್ಳದೆ ಎದ್ದುಬಿಡಬಹುದು, ಅದೂ ಸಂಶೋಧನೆಯ ಫಲವೇ.

ಟಿಪ್ಪಣ್ಣನವರ ಕೊನೆಯ ಆಕ್ಷೇಪವನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲಕ್ಕಿಂತ ಬಲವಾದದ್ದು ಅದೇ. ಟಿಪ್ ಕೇಳಿ ಕೊಂಡ ಷೇರು ಬಿದ್ದರೆ ಬೈಯುವುದಕ್ಕೆ ಒಬ್ಬ ಸಿಗುತ್ತಾನೆ. ಟಿ.ವಿ.ಯವನು ಕೆಡಿಸಿದ, ಬ್ರೋಕರು ಮುಳುಗಿಸಿದ, ಷಡ್ಡಕನ ಮಾತು ಕೇಳಿ ಕೆಟ್ಟೆ ಎಂದು ಹೇಳಿಕೊಂಡರೆ ನಷ್ಟದ ಜೊತೆಗೆ ಒಂದಿಷ್ಟು ಸಹಾನುಭೂತಿಯೂ ಜಮೆಯಾಗುತ್ತದೆ. ಏರಿದರೆ ಬುದ್ಧಿವಂತಿಕೆ ತಮ್ಮದೇ, ಅದರಲ್ಲಿ ಯಾರಿಗೂ ಪಾಲಿಲ್ಲ. ತಾವೇ ವರದಿ ಓದಿ, ಬಾಡಿಗೆ ಕಳೆದು, ಹಳೇ ಅಂಗಡಿಗಳ ಮಾರಾಟ ತೂಗಿ ಕೊಂಡ ಷೇರು ಬಿತ್ತು ಎನ್ನಿ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿ, ‘ಯಾರ ಮಾತು ಕೇಳಿ ತಗೊಂಡ್ರಿ ಇದನ್ನ?’ ಎಂದು ಕೇಳಿದರೆ ಬೆರಳು ತೋರಿಸಲು ಯಾರೂ ಇರುವುದಿಲ್ಲ. ಈ ಆಕ್ಷೇಪಕ್ಕೆ ಉತ್ತರ ಯಾವ ವಾರ್ಷಿಕ ವರದಿಯ ಟಿಪ್ಪಣಿಯಲ್ಲೂ ಇಲ್ಲ, ಸೆಬಿಯ ಯಾವ ನಿಯಮದಲ್ಲೂ ಇಲ್ಲ. ತಿಂಗಳಿಗೆ 299 ರೂಪಾಯಿ ಚಂದಾ ಕಟ್ಟಿ ಯಾರದೋ ಟಿಪ್ ಗುಂಪಿಗೆ ಅವರು ಮತ್ತೆ ಸೇರಿಕೊಂಡರೆ, ಆ ದುಡ್ಡು ಯಾತಕ್ಕೆ ಹೋಗುತ್ತಿದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.